ಅರ್ಧ ನಗು

ಮಾರ್ಚ್ 4, ಮಂಗಳವಾರ

ಮತ್ತೆ ಅಜ್ಜಿಯ ಶಾಟ್. ನಾನು ಅನಿಮೇಷನ್ ಮಾಡುತ್ತಿರುವ ಸಿನಿಮಾದ, ಕಂಪ್ಯೂಟರಿನೊಳಗಿನ ಅಜ್ಜಿ. ಆಸ್ಪತ್ರೆಯ ಮಂಚದಲ್ಲಿ ಮೊಮ್ಮಗಳನ್ನು ಕಂಡು, ನೋವು ಮರೆಮಾಚಿ ನಗಬೇಕು. ನಿರ್ದೇಶಕರದ್ದು ಒಂದೇ ರಾಗ: "ಜಾಸ್ತಿ ಆಯ್ತು ಮೇಡಂ. ಅಜ್ಜಿ ಏನು ಟೂತ್‌ಪೇಸ್ಟ್ ಮಾರ್ತಿದಾರಾ?" ಪರದೆಯ ಮೇಲೆ ಅಜ್ಜಿಯ ತುಟಿ ಎತ್ತಿ ಇಳಿಸುವ ಸ್ಲೈಡರ್ ಕೆಳಗೆಳೆದೆ. ನಗುವೇ ಮಾಯ. ಮೇಜಿನ ಕನ್ನಡಿಯಲ್ಲಿ ನಾನೇ ನಕ್ಕು ನೋಡಿದೆ — ಕಣ್ಣು ಮೊದಲು, ತುಟಿ ಆಮೇಲೆ. ನಾಳೆ ಹಾಗೆ ಮಾಡಬೇಕು.

ಎಡ ಕಿವಿಯ ಹಿಂದೆ ನೋವು. ಎ.ಸಿ. ಗಾಳಿಗಿರಬೇಕು.

ಮಾರ್ಚ್ 5

ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಎಡ ಅರ್ಧ ಮುಖ ಅಲ್ಲಾಡುತ್ತಿಲ್ಲ. ಆ ಕಣ್ಣು ಮುಚ್ಚುತ್ತಿಲ್ಲ.

ಡಾಕ್ಟರು ನೋಡಿದರು. ಸ್ಟ್ರೋಕ್ ಅಲ್ಲ, ಮುಖದ ನರ ಊದಿದೆಯಂತೆ. "ಹೆಚ್ಚಿನವರಿಗೆ ಸರಿಹೋಗುತ್ತೆ." ಉಳಿದವರಿಗೆ?

ಮಗಳು ಪಟಾಕಿ — ಅವಳಪ್ಪ ಇಟ್ಟ ಅಡ್ಡಹೆಸರು — ಬಾಗಿಲಲ್ಲೇ ನಿಂತಳು. "ಅಮ್ಮಾ, ನನ್ ಮೇಲೆ ಕೋಪಾನಾ?"

"ಇಲ್ಲ ಕಂದಾ" ಎಂದು ನಕ್ಕೆ. ಅಪ್ಪನ ಹಿಂದೆ ಅವಿತುಕೊಂಡಳು.

ಮಾರ್ಚ್ 13

ಕೆಲಸಕ್ಕೆ ಹೋದೆ. ಕ್ಯಾಮೆರಾ ಮುಂದೆ ಬಲ ಅರ್ಧದಲ್ಲಿ ನಕ್ಕು ರೆಕಾರ್ಡ್ ಮಾಡಿಕೊಂಡೆ. ಅದನ್ನು ಅಜ್ಜಿಯ ಬಲಕ್ಕೆ ಕೂರಿಸಿ, ಎಡಕ್ಕೂ ಅದನ್ನೇ ಮಗುಚಿ ಅಂಟಿಸಿದೆ. ನಿರ್ದೇಶಕರು ಪರದೆ ನೋಡಿದರು, ನನ್ನನ್ನು ನೋಡಲಿಲ್ಲ. "ಮುಖವಾಡ ಇದ್ದಂಗಿದೆ. ಎರಡೂ ಕಡೆ ಒಂದೇ ಥರ ಯಾರು ನಗ್ತಾರೆ?"

ಯಾರೂ ನಗುವುದಿಲ್ಲ. ಗೊತ್ತು. ಒಂದು ಬದಿ ಚೂರು ತಡ, ಚೂರು ಕಡಿಮೆ. ಎಷ್ಟು ಚೂರು? ಮೊದಲಾಗಿದ್ದರೆ ಕನ್ನಡಿ ಹೇಳುತ್ತಿತ್ತು.

ಮಾರ್ಚ್ 24

ಬದಲಾವಣೆ ಇಲ್ಲ. ಕಣ್ಣಿಗೆ ಟೇಪ್ ಅಂಟಿಸಿಕೊಂಡು ಮಲಗುವುದು ರೂಢಿಯಾಯಿತು. "ಹಂಗೇನೂ ಕಾಣಲ್ಲ ಬಿಡೇ" ಎನ್ನುತ್ತಾರೆ ಇವರು. ಹೇಳುವಾಗ ನೋಡುವುದು ನನ್ನ ಬಲಗಣ್ಣನ್ನು ಮಾತ್ರ.

ಅಜ್ಜಿಯ ಶಾಟ್ ಪಕ್ಕದ ಮೇಜಿನವನಿಗೆ ಹೋಯಿತು.

ಏಪ್ರಿಲ್ 9

ಶಿಶುವಿಹಾರದ ಟೀಚರ್ ಕರೆಸಿದ್ದರು. "ಮಗು ನಗುವಾಗ ಬಾಯಿ ಒಂದೇ ಕಡೆ ಎಳೀತಾಳೆ. ಡಾಕ್ಟರಿಗೆ ತೋರಿಸಿ."

ಮನೆಗೆ ಬಂದು ಎದುರಿಗೆ ಕೂರಿಸಿಕೊಂಡೆ. "ನಗು, ಪಟಾಕಿ." ಕನ್ನಡಿಯಲ್ಲಿ ನನ್ನನ್ನೇ ಕಂಡಂತೆ, ಅವಳ ಎಡಬದಿ ನಕ್ಕಿತು. ಬಲಬದಿ ಕಲ್ಲು. ಅಪ್ಪ ಕಚಗುಳಿ ಇಟ್ಟರೆ ಎರಡೂ ಬದಿ ಅರಳುತ್ತದೆ. ಅವಳ ನರಕ್ಕೆ ಏನೂ ಆಗಿಲ್ಲ.

"ಯಾಕೆ ಕಂದಾ ಹಿಂಗೆ ನಗ್ತೀಯ?"

"ಇದು ಅಮ್ಮನ್ ನಗು. ನಂಗೂ ಬರುತ್ತೆ!"

ಎಂಥ ಹೆಮ್ಮೆ ಆ ಮುಖದಲ್ಲಿ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಅಳುವೂ ಅರ್ಧವೇ.

ಏಪ್ರಿಲ್ 10

ಆಫೀಸಿನಲ್ಲಿ ನನ್ನದೇ ಹಳೆಯ ರೆಕಾರ್ಡಿಂಗ್ ಸಿಕ್ಕಿತು. ಕಳೆದ ವರ್ಷದ್ದು, ಪೂರ್ತಿ ನಗು. ಫೋನಿಗೆ ಹಾಕಿಕೊಂಡು ತಂದೆ.

"ನೋಡು. ಅಮ್ಮ ನಗೋದು ಹಿಂಗೆ."

ಮತ್ತೆ ಹಾಕು ಎಂದಳು. ಹಾಕಿದೆ.

"ಈ ಆಂಟಿ ಯಾರು?"

ಏಪ್ರಿಲ್ 11, ಸಂಜೆ

ಇನ್ನೊಂದು ಸಲ ಎದುರಿಗೆ ಕೂರಿಸಿಕೊಂಡೆ. ತೋರುಬೆರಳಿನಿಂದ ನನ್ನ ಎಡ ತುಟಿಯ ಕೊನೆ ಎತ್ತಿ ಹಿಡಿದೆ — ಬಲದಷ್ಟಲ್ಲ, ಕೂದಲೆಳೆಯಷ್ಟು ಕಡಿಮೆ. ನಕ್ಕೆ. "ಹಿಂಗೆ ಕಂದಾ. ಎರಡೂ ಕಡೆ."

ಕಣ್ಣು ಕಿರಿದು ಮಾಡಿ ನೋಡಿದಳು. ತಲೆಯಾಡಿಸಿದಳು. ಅಬ್ಬಾ, ಅರ್ಥವಾಯಿತು ಎಂದುಕೊಂಡೆ. ಅರ್ಧ ನಕ್ಕಳು. ಆಮೇಲೆ ಪುಟ್ಟ ಬೆರಳಿನಿಂದ ತನ್ನ ಬಲ ತುಟಿಯ ಕೊನೆಯನ್ನು, ನನ್ನ ಹಾಗೆಯೇ, ಎತ್ತಿ ಹಿಡಿದಳು.