ರಶ್ಮಿತಾಳ ಬಲಗೈ

ಪರಶುರಾಂಪುರ,
ಭಾನುವಾರ, ೧೪ ಡಿಸೆಂಬರ್ ೨೦೨೫

ರಶ್ಮಿತಾಳ ಅಪ್ಪನಿಗೆ ರಾಧಮ್ಮನ ನಮಸ್ಕಾರ.

ಹೇಗಿದ್ದೀರಿ? ಹೋದ ಸಲ ಜೈಲಿಗೆ ನೋಡಲು ಬಂದಾಗ ಜಾಲರಿಯ ಆಚೆ ನಿಮ್ಮ ಮುಖ ಸರಿಯಾಗಿ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸಿತು. ಈಗ ಚಳಿ ಹೆಚ್ಚಾಗಿದೆ, ಇನ್ನೊಂದು ಕಂಬಳಿ ಕೊಟ್ಟರೋ ಇಲ್ಲವೋ ಬರೆಯಿರಿ. ಇಲ್ಲಿ ಅತ್ತೆಯವರಿಗೆ ಭುಜದ ನೋವು ಬಿಟ್ಟರೆ ಬೇರೇನಿಲ್ಲ. ಆ ನೋವು ಯಾಕೆ ಬಂತೆಂದು ಮುಂದೆ ಹೇಳುತ್ತೇನೆ, ಗಾಬರಿಯಾಗಬೇಡಿ. ಶೇಂಗಾ ಕಿತ್ತು ಮುಗಿಯಿತು. ಕುರಿಗಳನ್ನು ರಾಂಪುರದ ನಿಮ್ಮ ಅಕ್ಕ ಹೊಡೆಸಿಕೊಂಡು ಹೋಗಿದ್ದಾರೆ, ನೀವು ಬರುವ ತನಕ ಅಲ್ಲೇ ಇರಲಿ ಎಂದಿದ್ದಾರೆ. ಜೈಲಿನಲ್ಲಿ ಕಾಗದ ಬಿಚ್ಚಿ ಓದಿ ಆಮೇಲೆ ನಿಮಗೆ ಕೊಡುತ್ತಾರಂತೆ. ಓದಲಿ, ಮುಚ್ಚಿಡುವಂಥದ್ದೇನೂ ಇಲ್ಲ. ಜಾಲರಿಯ ಮುಂದೆ ನಿಂತರೆ ಅಕ್ಕಪಕ್ಕದವರ ಕೂಗಾಟದಲ್ಲಿ ಮಗಳು ಹೇಗಿದ್ದಾಳೆ ಎಂದು ನೀವು ಕೇಳುತ್ತೀರಿ, ಚೆನ್ನಾಗಿದ್ದಾಳೆ ಎಂದು ನಾನು ಹೇಳುತ್ತೇನೆ, ಅಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಅವಳು ಚೆನ್ನಾಗಿರಲಿಲ್ಲ. ಅದನ್ನು ಬರೆಯೋಣವೆಂದೇ ಕೂತಿದ್ದೇನೆ.

ಆ ದಿನ ನಿಮಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನಾನು ನಿಮ್ಮ ಹಿಂದೆಯೇ ಓಡಿ ಬಂದಿದ್ದೆ. ಒಂದನೇ ಕ್ಲಾಸಿನ ಮಗುವಿಗೆ ಟ್ಯೂಷನ್ ಯಾಕೆ ಎಂದು ಮೊದಲೇ ಕೇಳಿದ್ದೆ, “ನನ್ನಂಗೆ ಆಗೋದು ಬ್ಯಾಡ” ಎಂದಿದ್ದಿರಿ. ಟ್ಯೂಷನ್ನಿನ ತಿಪ್ಪೇರುದ್ರ ಅವಳ ಬೆರಳಿನ ಗೆಣ್ಣಿಗೆ ಸ್ಟೀಲ್ ಸ್ಕೇಲಿನ ಅಂಚಿನಿಂದ ಹೊಡೆದು ಕಳಿಸಿದ್ದ. ಬೆರಳುಗಳು ಊದಿ ನೀಲಿಗಟ್ಟಿದ್ದವು. ನೀವು ನೋಡಿದಿರಿ, ಗುದ್ದಲಿಯ ಕಾವು ಕಳಚಿಕೊಂಡಿರಿ. ಒಬ್ಬರೇ ಹೋಗಿದ್ದರೂ ಒಂದು ಮಾತು. ಇನ್ನೊಂದು ಕೈಯಲ್ಲಿ ಮಗುವನ್ನೂ ಎಳೆದುಕೊಂಡು ಹೋದಿರಿ. ಅವನ ಪಡಸಾಲೆಯ ತುಂಬ ಮಕ್ಕಳು ಕೂತಿದ್ದರು. ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ ಅವಳನ್ನು ಕೇಳಿದಿರಿ: “ಯಾವ ಕೈಲಿ ಹೊಡ್ದ? ತೋರ್ಸು.” ಅವಳು ಆ ಊದಿದ ಬೆರಳಿನಿಂದಲೇ ಅವನ ಬಲಗೈ ತೋರಿಸಿದಳು. ನೀವು ಆ ಕೈಯನ್ನು ಹೊಸ್ತಿಲ ಮೇಲೆ ತುಳಿದು ಹಿಡಿದು ಹೊಡೆದಿರಿ. ಮೂಳೆ ಮುರಿದ ಸದ್ದು ಬೀದಿಯಲ್ಲಿದ್ದ ನನಗೂ ಕೇಳಿಸಿತು. ಆಮೇಲೂ ನಿಲ್ಲಿಸಲಿಲ್ಲ. ಬಾಯಿಗೆ ಬಿತ್ತು, ಪಕ್ಕೆಗೆ ಬಿತ್ತು. ರಕ್ತ ಸ್ಲೇಟುಗಳ ಮೇಲೆ ಸಿಡಿಯಿತು. ಮಕ್ಕಳು ಹೊರಗೆ ಹೋಗಲು ದಾರಿಯಿಲ್ಲದೆ ಒಬ್ಬರ ಮೇಲೊಬ್ಬರು ಬಿದ್ದು ಚೀರುತ್ತಿದ್ದರು. ರಶ್ಮಿತಾ ಮಾತ್ರ ಅಳಲಿಲ್ಲ. ಎತ್ತಿದ ಬೆರಳನ್ನು ಇಳಿಸುವುದನ್ನೂ ಮರೆತು ನಿಂತಿದ್ದಳು.

ಬೆರಳುಗಳೇನೋ ಬೇಗ ವಾಸಿಯಾದವು. ಆದರೆ ಪಟ್ಟಿ ಬಿಚ್ಚಿದ ಮೇಲೂ ಅವಳು ಬಲಗೈಯನ್ನು ಲಂಗದ ಮಡಿಕೆಯಲ್ಲಿ ತುರುಕಿಕೊಂಡೇ ಓಡಾಡಿದಳು. ಎಡಗೈಯಲ್ಲಿ ಉಣ್ಣಬೇಡ ಎಂದು ಅತ್ತೆ ಗದರಿದರೆ ಉಪವಾಸವೇ ಮಲಗಿದಳು. ಶಾಲೆಯಲ್ಲಿ ಆಶಾ ಮೇಡಂ ಗೋಡೆಯ ಮೇಲಿನ ಅಕ್ಷರ ತೋರಿಸು ಎಂದರೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು. ಪಕ್ಕದ ಹುಡುಗಿ ನಕ್ಕಳೆಂದು ಒಂದು ದಿನ ಎಡಗೈಯಲ್ಲಿ ಕಲ್ಲು ತೆಗೆದು ಅವಳ ಹಣೆ ಒಡೆದಳು. ಆ ಹುಡುಗಿಯ ತಾಯಿ ನಮ್ಮ ಬಾಗಿಲಿಗೆ ಬಂದು, ಅಪ್ಪನ ಬುದ್ಧಿ ಮಗಳಿಗೆ ಬಂದೈತೆ ಎಂದು ಊರೆಲ್ಲ ಕೇಳುವಂತೆ ಬೈದಳು. ನನಗೂ ಸಿಟ್ಟು ತಡೆಯಲಾಗದೆ ಕೈ ಎತ್ತಿದೆ. ಮಗು ಓಡಲಿಲ್ಲ. ಕಣ್ಣು ಮುಚ್ಚಿ ಕೆನ್ನೆ ಮುಂದೆ ಮಾಡಿ ನಿಂತಳು. ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ ನನಗೆ.

ಮೇಡಂ ಅವಳನ್ನು ಹೊಡೆಯಲಿಲ್ಲ, ಶಾಲೆ ಬಿಡಿಸುತ್ತೇನೆ ಎಂದು ಹೆದರಿಸಲೂ ಇಲ್ಲ. ಪೆಟ್ಟಾದ ಹುಡುಗಿಗೆ ಔಷಧಿ ಹಾಕಿಸಿ, ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತರು. ಟ್ಯೂಷನ್ನಿನಲ್ಲಿ ಯಾವುದಕ್ಕೆ ಏಟು ಬೀಳುತ್ತಿತ್ತು ಎಂದು ಕೇಳಿದರು. ಇಲಿಯ ಚಿತ್ರ ತೋರಿಸಿ ಅಕ್ಷರ ಹೇಳು ಎಂದರೆ ದಿನಾ ‘ಎ’ ಎನ್ನುತ್ತಿದ್ದಳಂತೆ, ಎಷ್ಟು ಹೊಡೆದರೂ ‘ಇ’ ಎನ್ನಲಿಲ್ಲವಂತೆ ಎಂದೆ. ಮೇಡಂ ಅತ್ತೆಯ ಕಡೆ ತಿರುಗಿ, ಮನೆಯಲ್ಲಿ ಇಲಿಗೆ ಏನಂತೀರಿ ಎಂದರು.

“ಎಲುಕ,” ಎಂದರು ಅತ್ತೆ.

ನಮ್ಮದು ತೆಲುಗು ಮಾತಾಡುವ ಮನೆ, ಇನ್ನೇನನ್ನುತ್ತೇವೆ? ಎಲುಕಕ್ಕೆ ‘ಎ’ ಸರಿಯಾಗಿಯೇ ಇತ್ತು. ಅಷ್ಟು ದಿನವೂ ಮಗು ಸರಿಯಾದ ಉತ್ತರ ಹೇಳಿಯೇ ಏಟು ತಿಂದಿತ್ತು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ.

ಮಾರನೆಯ ದಿನದಿಂದ ಮೇಡಂ ಪ್ರತಿ ಚಿತ್ರಕ್ಕೂ ಮೊದಲು ಮನೆಯ ಮಾತು ಹೇಳಿಸಿ, ಆಮೇಲೆ ಕನ್ನಡದ ಹೆಸರು ಹೇಳಿಕೊಟ್ಟರು. ಅವರು ಹೊಸದುರ್ಗದ ಕಡೆಯವರು, ತೆಲುಗು ಬಾರದು. ಅವರ ತಪ್ಪು ತೆಲುಗು ಕೇಳಿ ಮಕ್ಕಳಿಗೆಲ್ಲ ನಗು ಬರುತ್ತದಂತೆ. ಬಲಗೈ ತೆಗೆ ಎಂದು ರಶ್ಮಿತಾಳಿಗೆ ಒಂದು ಸಲವೂ ಹೇಳಲಿಲ್ಲ. ಅಂಗಳದ ಮಣ್ಣಿನಲ್ಲಿ ಕಾಲಿನ ಹೆಬ್ಬೆರಳಿನಿಂದ ಅಕ್ಷರ ಬರೆಸಿದರು. ಅವಳೊಬ್ಬಳಿಗೇ ನಾಚಿಕೆಯಾಗದಿರಲೆಂದು ಇಡೀ ಕ್ಲಾಸಿಗೆ ಚಪ್ಪಲಿ ಬಿಡಿಸಿ ಕಾಲಲ್ಲೇ ಬರೆಸಿದರು. ಮನೆಯಲ್ಲಿ ಶೇಂಗಾ ಸುಲಿಯುವಾಗ ಸಿಪ್ಪೆಯಿಂದ ಅಕ್ಷರ ಜೋಡಿಸಲು ಬಿಡಿ, ತಪ್ಪಾದರೆ ತಕ್ಷಣ ತಿದ್ದಬೇಡಿ, ಇದೇನು ಎಂದು ಅವಳನ್ನೇ ಕೇಳಿ ಎಂದು ನನಗೂ ಪಾಠ ಹೇಳಿದರು. ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತೇ? ನಾನು ತುಟಿ ಕಚ್ಚಿ ಕೂರುತ್ತಿದ್ದೆ.

ಇಷ್ಟು ಸರಿಹೋಗುತ್ತಿರುವಾಗ ತಿಪ್ಪೇರುದ್ರನ ಅಣ್ಣ ಬಾಲರಾಜು ಕುಡಿದು ಬಂದ. ಹಾಡಹಗಲು, ಬೀದಿಯವರೆಲ್ಲ ನೋಡುತ್ತಿದ್ದರು. ಕೈಯಲ್ಲಿ ಕಬ್ಬಿಣದ ರಾಡು. ನೀರಿನ ಡ್ರಮ್ಮು ಒಡೆದ, ಕಿಟಕಿ ಒಡೆದ, ಮನೆಯಲ್ಲಿ ಉಳಿಸಿಕೊಂಡಿದ್ದ ಒಂದು ಟಗರಿನ ಬೆನ್ನು ಮುರಿದ. ತಡೆಯಲು ಹೋದ ಅತ್ತೆಯ ಭುಜಕ್ಕೆ ಬೀಸಿದ. ನಾನು ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವನ ಹೊಟ್ಟೆ ಸೀಳುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ತಮ್ಮನ ಕೈಗೆ ಬದಲು ಕೈ ಬೇಕು ಎಂದು ಅವನು ಕಿರುಚುತ್ತಿದ್ದ. ಆಗ ರಶ್ಮಿತಾ ನನ್ನ ಪಕ್ಕದಿಂದ ನುಸುಳಿ ಮುಂದೆ ಹೋಗಿ, ಟ್ಯೂಷನ್ನಿನಲ್ಲಿ ಏಟಿಗೆ ಚಾಚುತ್ತಿದ್ದ ಹಾಗೆ ಬಲಗೈ ಚಾಚಿದಳು.

“ನಾನೇ ತೋರ್ಸಿದ್ದು,” ಎಂದಳು. “ನಾ ತೋರ್ಸಿದ್ಕೇ ಮುರೀತು.”

ಬಾಲರಾಜು ರಾಡು ಎತ್ತಿಕೊಂಡೇ ಆ ಅಂಗೈ ನೋಡುತ್ತ ನಿಂತ. ಅವನಿಗೂ ಅಂಗನವಾಡಿಗೆ ಹೋಗುವ ಮಗಳಿದ್ದಾಳೆ. ಆಮೇಲೆ ರಾಡನ್ನು ಚರಂಡಿಗೆ ಎಸೆದು, ನಮ್ಮ ಕಟ್ಟೆಯ ಮೇಲೆ ಕುಸಿದು ವಾಂತಿ ಮಾಡಿಕೊಂಡ. ಬೀದಿಯವರು ಎತ್ತಿಕೊಂಡು ಹೋದರು. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಟಗರು ಉಳಿಯಲಿಲ್ಲ.

ಮಗು ಆ ಮಾತನ್ನು ಅಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು ಎಂದು ನನಗೆ ಆಗಲೇ ತಿಳಿದದ್ದು. ನಾನು ಎಷ್ಟು ಸಮಾಧಾನ ಹೇಳಿದರೂ ನಂಬಲಿಲ್ಲ. ಕೊನೆಗೆ ಅತ್ತೆ ಬೇಡವೆಂದರೂ ಅವಳನ್ನು ಕರೆದುಕೊಂಡು ತಿಪ್ಪೇರುದ್ರನ ಮನೆಗೇ ಹೋದೆ. ನಿಮಗೆ ಸಿಟ್ಟು ಬರುತ್ತದೆ, ಬರಲಿ. ಅವನ ಕೈ ಇನ್ನೂ ಪ್ಲಾಸ್ಟರಿನಲ್ಲಿತ್ತು, ಮುಂದಿನ ಹಲ್ಲುಗಳಿಲ್ಲ. ಹೆಂಡತಿ ಮುದ್ದೆ ಮುರಿದು ಬಾಯಿಗೆ ಇಡುತ್ತಿದ್ದಳು. ನಮ್ಮನ್ನು ಕಂಡು ಅವನೇ ಹಿಂದಕ್ಕೆ ಸರಿದ. ಕ್ಷಮಿಸಿದ್ದೇನೆ ಎಂದು ನಾನು ಹೇಳಲಿಲ್ಲ, ಕ್ಷಮಿಸಿಯೂ ಇಲ್ಲ. ಎಲುಕದ ವಿಷಯ ಹೇಳಿದೆ. ಅವನ ಮನೆಯ ಮಾತೂ ತೆಲುಗೇ. ಅವಳ ಕಡೆ ತಿರುಗಿ ಹೇಳಿದ: “ನೀ ತೋರ್ಸಿದ್ಕೆ ಮುರೀಲಿಲ್ಲಮ್ಮ. ನಾ ನಿನ್ನ ಹೊಡ್ದೆ, ನಿಮ್ಮಪ್ಪ ನನ್ನ ಹೊಡ್ದ. ನೀ ಏನೂ ಮಾಡಿಲ್ಲ.”

ನೋಯುತ್ತದಾ ಎಂದು ಅವಳು ಕೇಳಿದಳು. ಹೂಂ ಎಂದ. ಬರುವಾಗ ದಾರಿಯಲ್ಲಿ ಅವಳು ನನ್ನ ಸೆರಗನ್ನು ಬಲಗೈಯಿಂದ ಹಿಡಿದುಕೊಂಡಳು. ನಾನು ತಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ಬಿಡುತ್ತಾಳೋ ಎಂದು. ಈಗ ಸೀಮೆಸುಣ್ಣ ಹಿಡಿಯುತ್ತಾಳೆ. ಮೊನ್ನೆ ಹೆಸರು ಬರೆದಳು, ಒತ್ತಕ್ಷರ ಇನ್ನೂ ಬಾರದೆ ‘ರಸಮಿತ’ ಎಂದಾಗಿದೆ. ಅತ್ತೆಗೆ ಓದಲು ಬಾರದಿದ್ದರೂ ಸಿಕ್ಕವರಿಗೆಲ್ಲ ತೋರಿಸಿದರು.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಗೌರಸಮುದ್ರದ ಮಾರಮ್ಮ ನಿಮ್ಮ ಆರೋಗ್ಯ ಕಾಯಲಿ.

ನಿಮ್ಮ
ರಾಧಮ್ಮ

ಮತ್ತೆ: ಚಳ್ಳಕೆರೆ ಬಸ್ಸಿಗೆ ಹೋಗುವವರ ಕೈಯಲ್ಲಿ ಇದನ್ನು ಕೊಡಬೇಕು, ಕಾಯುತ್ತಿದ್ದಾರೆ. ನಿಮ್ಮ ವಕೀಲರು ನಿನ್ನೆ ಮನೆಗೆ ಬಂದಿದ್ದರು. ಮಗು ಕೋರ್ಟಿಗೆ ಬಂದು, ತನ್ನನ್ನು ಹೊಡೆದವನು ಇವನೇ ಎಂದು ಎಲ್ಲರೆದುರು ಬೆರಳು ಮಾಡಿ ತೋರಿಸಿದರೆ ನಿಮ್ಮ ಶಿಕ್ಷೆ ಇಳಿಯಬಹುದಂತೆ. ನೀವು ಒಪ್ಪಿದ್ದೀರಿ ಎಂದರು. ನಾನು ಆಗುವುದಿಲ್ಲ ಎಂದೆ. ಅವಳ ಬೆರಳಿಗೆ ಪಟ್ಟಿ ಹಾಕಿಸಿದ ಆಸ್ಪತ್ರೆಯ ಚೀಟಿ ಇದೆ, ನಾನು ಬಂದು ಸಾಕ್ಷಿ ಹೇಳುತ್ತೇನೆ, ಮೇಡಂ ಕೂಡ ಬರುತ್ತೇನೆ ಎಂದಿದ್ದಾರೆ. ಆದರೆ ಅವಳನ್ನು ಇನ್ನೊಬ್ಬರ ಮುಂದೆ ನಿಲ್ಲಿಸಿ ‘ತೋರ್ಸು’ ಎನ್ನಲು ಯಾರಿಗೂ ಬಿಡುವುದಿಲ್ಲ, ನಿಮಗೂ ಬಿಡುವುದಿಲ್ಲ. ಅದಕ್ಕಾಗಿ ನೀವು ಇನ್ನಷ್ಟು ಕಾಲ ಒಳಗಿರಬೇಕಾದರೆ, ಇರಿ.