ರೇಶ್ಮಿ ಕುರಿಮರಿಯಲ್ಲ

ಗುಂಡವ್ವನ ಅಪ್ಪನವರಿಗೆ,

ತವರಲ್ಲಿ ನಮ್ಮವ್ವ ಅಂಗಳದಲ್ಲಿ ಜಾರಿ ಬಿದ್ದಳಂತೆ. ಇಂಗಳೇಶ್ವರದ ಬಸ್ಸಿಗೆ ಹೊರಟಿದ್ದೇನೆ. ನೀವು ಹೊಲದಿಂದ ಬರುವವರೆಗೆ ಕಾಯುವಂತಿಲ್ಲ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಗಡಿಗೆಯಲ್ಲಿದೆ.

ಉಂಡ ಕೂಡಲೇ ರೇಶ್ಮಿಯನ್ನು ದನದ ದವಾಖಾನೆಗೆ ಒಯ್ದು ಹುಚ್ಚುನಾಯಿ ರೋಗದ ಸೂಜಿ ಹಾಕಿಸಿರಿ. ನಾಳೆ ನೋಡೋಣ ಅನ್ನಬೇಡಿರಿ. ನಿನ್ನೆ ಹಿಂದಿನ ಓಣಿಯಲ್ಲಿ ಹುಚ್ಚುನಾಯಿ ಧರೆಪ್ಪನ ಕರುವನ್ನು ಕಚ್ಚಿದೆ, ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ನಮ್ಮ ರೇಶ್ಮಿಯೋ ಬಾಗಿಲು ತೆರೆದರೆ ಸಾಕು, ಬೀದಿಗೆ ಓಡುತ್ತದೆ. ರಾತ್ರಿ ನಮ್ಮ ಗುಂಡವ್ವನ ಮಗ್ಗುಲಲ್ಲೇ ಮಲಗುತ್ತದೆ. ಹಿತ್ತಲ ಬಾಗಿಲ ಅಗಳಿಯನ್ನು ಎರಡು ಸಲ ನೋಡಿದೆ, ಆದರೂ ಜೀವ ತಡೆಯದು. ನೀವೂ ನೋಡಿರಿ.

ವರ್ಗವಾದ ಡಾಕ್ಟರು ಬಿಟ್ಟುಹೋದ ಈ ಗುಂಗುರುಗೂದಲಿನ ಪೂಡಲ್ ನಾಯಿ ಹಿಡಿದು ಪೇಟೆಯಲ್ಲಿ ನಡೆಯಲು ನಿಮಗೆ ನಾಚಿಕೆ, ಗೊತ್ತು. ಹೋದ ಸಲ ಕಂಬಳಿಯಲ್ಲಿ ಸುತ್ತಿ ಒಯ್ದಿರಿ. ದಾರಿಯಲ್ಲಿ ಯಾರೋ, “ಏನ್ರಿ ಗೌಡ್ರ, ಕುರಿಮರಿ ಭಾಳ ಚಲೋ ಐತಲ್ಲ!” ಅಂದರೆ, “ಹೌದ್ರಿ, ಬೀಗರು ಕೊಟ್ಟಾರ್ರಿ” ಅಂದಿರಿ. ಅವನೂ ಜೊತೆಗೇ ಬಂದದ್ದಕ್ಕೆ, ಅವನ ಮುಂದೆ ಮರ್ಯಾದೆ ಹೋದೀತೆಂದು ದವಾಖಾನೆಯಲ್ಲೂ ಕಂಬಳಿ ಬಿಚ್ಚದೆ ಅದನ್ನೇ ಹೇಳಿ, ಕುರಿಯ ಜಂತಿನ ಔಷಧ ಕುಡಿಸಿಕೊಂಡು ಬಂದಿರಿ. ಆಮೇಲೆ ಮನೆ ತುಂಬ ಅದರ ವಾಂತಿ ಬಳಿದವಳು ನಾನು, ನೀವಲ್ಲ.

ಈ ಸಲವೂ ಕುರಿಯ ಸೂಜಿ ಚುಚ್ಚಿಸಿ ತಂದರೆ ನಾನು ತವರಲ್ಲೇ ಉಳಿಯುತ್ತೇನೆ. ಪೇಟೆಯ ಜನ ಬೇಡವಾದರೆ ಕೆರೆಯ ದಾರಿ ಹಿಡಿಯಿರಿ. ದನದ ಡಾಕ್ಟರ ಮುಂದೆ ನಾಯಿ ಅನ್ನಲು ನಿಮಗೆ ಬಾಯಿ ಬಾರದಿದ್ದರೆ ಸುಮ್ಮನೆ ಕಂಬಳಿ ಬಿಚ್ಚಿರಿ. ತಾನು ಏನೆಂದು ಅದೇ ಬೊಗಳಿ ಹೇಳಲಿ.