ಬಸುರಿಯಾದ ಮೇಲೆ ಬನ್ನಿ ಎಂದವರಿಗೆ

ತಾಯಂದಿರ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಆಸ್ಪತ್ರೆಗಳಲ್ಲಿ ಬಸುರಿಗೆ ಬೆಂಚಿದೆ, ಬಾಣಂತಿಗೆ ಮಂಚವಿದೆ, ಮಗುವಿಗೆ ಲಸಿಕೆಯಿದೆ. ಬಸುರಿಯಾಗಲೆಂದು ವರ್ಷಗಟ್ಟಲೆ ಒದ್ದಾಡುತ್ತಿರುವ ಹೆಂಗಸಿಗೆ ಏನಿದೆ? ಇದೇ ನನ್ನ ದೂರು. ಸುತ್ತಿ ಬಳಸಿ ಹೇಳಿದರೆ ಕೇಳುವ ಪುರುಸೊತ್ತು ನಿಮಗಿರಲಾರದು. ಹಾಗೆ ಹೇಳುವಷ್ಟು ಸಂಕೋಚ ನನ್ನಲ್ಲೂ ಉಳಿದಿಲ್ಲ.

ನಾನು ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆ ಹಂಗಳದಲ್ಲಿ. ಯಜಮಾನರು ಮಹದೇವ ಅರಿಸಿನ ಬೆಳೆಯುತ್ತಾರೆ. ಮನೆಯಲ್ಲಿ ನಾವಿಬ್ಬರು, ಅತ್ತೆ ಚಿಕ್ಕಮಲ್ಲಮ್ಮ, ಅಷ್ಟೇ. ನನ್ನ ಮುಟ್ಟು ತಿಂಗಳಿಗೆ ಸರಿಯಾಗಿ ಬಂದದ್ದೇ ಅಪರೂಪ. ಒಮ್ಮೆ ಎರಡು ತಿಂಗಳು ಪತ್ತೆಯಿಲ್ಲ, ಇನ್ನೊಮ್ಮೆ ನಾಲ್ಕು. ಗದ್ದದ ಮೇಲೆ ಕೂದಲು, ಏನು ಮಾಡಿದರೂ ಇಳಿಯದ ಮೈ. ಇದು ಪಿಸಿಒಡಿ, ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗುತ್ತಿಲ್ಲ ಎಂದು ಸ್ಕ್ಯಾನಿಂಗ್ ಮಾಡಿದವರು ಹೇಳಿ ಕಳಿಸಿದ್ದರು. ಹತ್ತನೇ ತರಗತಿಯ ಮಕ್ಕಳಿಗೆ ಗರ್ಭಕೋಶದ ಚಿತ್ರ ಬರೆದು ಭಾಗಗಳನ್ನು ಹೆಸರಿಸುವ ನಾನು, ಅದೇ ಸಂಜೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ನಾನೇನೋ ತಪ್ಪು ಮಾಡಿದ್ದೇನೆಂದು ಅಳುತ್ತಿದ್ದೆ. ಸಿಹಿ ತಿಂದದ್ದು ತಪ್ಪೆ? ತಡವಾಗಿ ಮದುವೆಯಾದದ್ದು ತಪ್ಪೆ? ಕೆಲಸಕ್ಕೆ ಹೋಗುವುದೇ ತಪ್ಪೆ?

ಸೊಸೆಯನ್ನು ಕಾಡುವ ಅತ್ತೆಯ ಕಥೆ ಇದು ಎಂದು ನೀವು ಊಹಿಸುತ್ತಿದ್ದರೆ ನಿರಾಸೆಯಾದೀತು. ನಮ್ಮತ್ತೆ ಒಂದು ದಿನವೂ ನನ್ನನ್ನು ಚುಚ್ಚಿದವರಲ್ಲ. ಚುಚ್ಚಿದ್ದರೆ ಎಷ್ಟೋ ಚೆನ್ನಾಗಿತ್ತು; ಎದುರು ಮಾತಾಡಿ ಹಗುರಾಗುತ್ತಿದ್ದೆ. ಕೇರಿಯ ತೊಟ್ಟಿಲ ಶಾಸ್ತ್ರಗಳಿಗೆ ಅವರು ಒಬ್ಬರೇ ಹೋಗಿ ಬರುತ್ತಿದ್ದರು. ಅಲ್ಲಿ ಯಾರು ಏನೆಂದರೆಂದು ನನಗೆ ಇವತ್ತಿನವರೆಗೂ ತಿಳಿಸಿಲ್ಲ. ಅವರ ಆ ಮೌನದ ಎದುರು ನಾನು ತಲೆ ತಗ್ಗಿಸಿಕೊಂಡೇ ಓಡಾಡಿದೆ.

ಕಳೆದ ವರ್ಷ ರಸ್ತೆ ಬದಿಯ ಹೊಲಗಳಲ್ಲೆಲ್ಲ ಚೆಂಡುಹೂ ಅರಳಿ, ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಕಾಲದಲ್ಲಿ, ನನ್ನ ಮುಟ್ಟು ಮತ್ತೆ ನಿಂತಿತು. ನಾನು ಆಸೆ ಪಡಲಿಲ್ಲ. ಅತ್ತೆ ಪಟ್ಟರು. ನನ್ನ ಮುಖ ನೋಡಿ, "ಕಳೆ ಬಂದದೆ ಕಣವ್ವ, ಆಸ್ಪತ್ರೆಗೆ ಓಗನ ನಡಿ" ಎಂದು ಹೊಸ ಸೀರೆಯುಟ್ಟು ಹೊರಟೇಬಿಟ್ಟರು.

ಯಾವ ಆಸ್ಪತ್ರೆಯೆಂದು ಹೇಳುವುದಿಲ್ಲ. ಹೇಳಿದರೆ ನೀವು ಅದೊಂದನ್ನು ಗದರಿಸಿ ಉಳಿದವನ್ನು ಮರೆಯುತ್ತೀರಿ. ಅಂದು ಗರ್ಭಿಣಿಯರ ತಪಾಸಣೆಯಿತ್ತು. ಅತ್ತೆ ಬೆಂಚಿನಲ್ಲಿ ನನಗೆ ಜಾಗ ಮಾಡಿಸಿ, ಪಕ್ಕದವಳಿಗೆ "ನಮ್ಮ ಸೊಸೆ" ಎಂದು ಹೇಳಿಕೊಂಡರು. ಮೂತ್ರ ಪರೀಕ್ಷೆಯಾದ ಸ್ವಲ್ಪ ಹೊತ್ತಿಗೆ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿದರು: "ಶಿವರಂಜನಿ ಯಾರು? ನೀನು ಬಸುರಿ ಅಲ್ಲ ಕಣಮ್ಮ. ಎದ್ದೇಳು, ಬಸುರೀರಿಗೆ ಜಾಗ ಬುಡು."

ನಾನು ಎದ್ದೆ. ಪಕ್ಕದಲ್ಲಿ ನಿಂತೇ ಇದ್ದ ಅತ್ತೆಯೂ ಎರಡು ಹೆಜ್ಜೆ ಹಿಂದೆ ಸರಿದರು. ಒಳಗೆ ವೈದ್ಯರು ತಲೆಯೆತ್ತದೆ ಹೇಳಿದ್ದು ಇಷ್ಟೇ: "ಮೊದಲು ತೂಕ ಇಳಿಸಿ. ಬಸುರಿಯಾದ ಮೇಲೆ ಬನ್ನಿ." ಎಂಥ ಪರಿಹಾರ, ಸ್ವಾಮಿ! ಹಸಿವೆಂದು ಬಂದವಳಿಗೆ ಊಟವಾದ ಮೇಲೆ ಬಾ ಎಂದಂತೆ. ತೂಕ ಇಳಿಸುವುದು ಹೇಗೆ, ಮುಟ್ಟು ಯಾಕೆ ನಿಂತಿದೆ, ಮಾತ್ರೆಯಿದೆಯೇ, ಒಂದನ್ನೂ ಹೇಳಲಿಲ್ಲ. ಹೇಳುವುದು ಅವರ ಕೆಲಸವಲ್ಲವೆಂದು ನಿಮ್ಮ ಯಾವ ಸುತ್ತೋಲೆ ಹೇಳುತ್ತದೆ?

ಊರಿಗೆ ಮರಳುವ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಾನೇ ಆತುರ ಮಾಡ್ಬುಟ್ಟೆ. ಅಷ್ಟ್ ಜನದ ಮುಂದೆ ನಿನ್ನ ಮಾನ ಕಳೆದ್ಬುಟ್ಟೆ."

"ಇಲ್ಲ ಅತ್ತೆ, ನನ್ನ ಮೈಯೇ ಸರಿಯಿಲ್ಲ."

"ಅಂಗನ್ಬೇಡ ಕಣವ್ವ."

ಒಂದೇ ಸೀಟಿನಲ್ಲಿ ಕೂತ ನಾವಿಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಂಡೆವು. ಕೇಳಬೇಕಾಗಿದ್ದವರು ಆಸ್ಪತ್ರೆಯಲ್ಲಿ ಮುಂದಿನವರನ್ನು ಕೂಗುತ್ತಿದ್ದರು.

ಆ ವಾರದಿಂದಲೇ ಅತ್ತೆ ಸೋಮವಾರ ಒಪ್ಪೊತ್ತು ಹಿಡಿದರಂತೆ. ನನಗೆ ಗೊತ್ತಾಗಲಿಲ್ಲ. ನಾನು ಶಾಲೆಗೆ ಹೊರಡುವಾಗ ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ನಾನು ಹೊಸಿಲು ದಾಟಿದ ಮೇಲೆ ಎತ್ತಿಡುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದರು. ಒಂದು ಸೋಮವಾರ ನಾನು ತರಗತಿಯಲ್ಲಿದ್ದಾಗ ಪಕ್ಕದ ಮನೆಯ ರಾಚಮ್ಮ ಫೋನ್ ಮಾಡಿದರು: "ಬೇಗ ಬಾ ಕಣಮ್ಮಿ, ನಿಮ್ಮತ್ತೆ ಒಲೆ ಮುಂದೆ ಬಿದ್ದೋಗವ್ರೆ. ಮಾತಾಡ್ತಿಲ್ಲ."

ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಸಾಗಿಸಿದೆವು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. "ಸಕ್ಕರೆ ಮಾತ್ರೆ ನುಂಗಿ ಉಪವಾಸ ಯಾಕೆ ಮಾಡಿದ್ರಿ ಅಜ್ಜಿ?" ಎಂದು ಅಲ್ಲಿನ ವೈದ್ಯೆ ಕೇಳಿದರು. ಅತ್ತೆ ಕ್ಷೀಣ ಸ್ವರದಲ್ಲಿ, "ನಮ್ಮ ಸೊಸೆ ಮಡಿಲು ತುಂಬ್ಲಿ ಅಂತ ಕಣವ್ವ" ಎಂದರು. ಗೋಡೆಗೆ ಒರಗಿ ನಿಂತಿದ್ದ ನನಗೆ, ಈ ಜೀವವನ್ನು ಕೈಯಾರೆ ನಾನೇ ಕೆಡವಿದೆ ಅನ್ನಿಸಿತು. ಇವತ್ತಿಗೂ ಒಲೆಯ ಮುಂದೆ ಅವರು ಬಗ್ಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಹೋಗುತ್ತೇನೆ.

ಆ ವೈದ್ಯೆ ನನ್ನನ್ನು ಪಕ್ಕದ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಕುರ್ಚಿ ತೋರಿಸಿದರು. ಎಲ್ಲ ಕೇಳಿದರು. ಇದು ಕಾಯಿಲೆ, ತಪ್ಪಲ್ಲ ಎಂದರು. ಮುಟ್ಟು ಬರಿಸಲು ಮಾತ್ರೆಯಿದೆ, ಅಂಡ ಬಿಡುಗಡೆಗೂ ಔಷಧಿಯಿದೆ, ಊಟ ನಡಿಗೆ ಹೀಗಿರಲಿ ಎಂದು ತಿಳಿಸಿದರು. ಆಮೇಲೆ, "ನಿಮ್ಮ ಯಜಮಾನರ ಪರೀಕ್ಷೆ ಆಗಿದೆಯಾ?" ಎಂದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಯಜಮಾನರು ತಕರಾರಿಲ್ಲದೆ ಬಂದರು. ಅವರದೆಲ್ಲ ಸರಿಯಿದೆ ಎಂದು ವರದಿ ಬಂತು. ನಾನು ಸಂತೋಷಪಡಬೇಕಿತ್ತು. ನಿಜ ಹೇಳುತ್ತೇನೆ, ಪಡಲಿಲ್ಲ. ಅವರಲ್ಲೂ ಏನಾದರೊಂದು ಕೊರತೆ ಸಿಗಲಿ, ಈ ಭಾರದ ಒಂದು ತುದಿಯನ್ನಾದರೂ ಅವರು ಹಿಡಿಯಲಿ ಎಂದು ಒಳಗೊಳಗೇ ಬಯಸಿದ್ದೆ. ನನ್ನನ್ನು ಪ್ರೀತಿಸುವ ಗಂಡನಿಗೆ ಕೇಡು ಬಯಸುವ ಮಟ್ಟಕ್ಕೆ ನಾನು ಇಳಿದಿದ್ದೆ. ಅಂದು ಅವರು ಹೊರಗೆ ಬಂದು, "ಬಾ, ಟೀ ಕುಡಿಯೋಣ. ಇನ್ಮೇಲೆ ಇಬ್ರೂ ಒಟ್ಟಿಗೇ ಬರನ" ಎಂದಾಗ ಅವರ ಮುಖ ನೋಡಲಾಗಲಿಲ್ಲ.

ಔಷಧಿ ಶುರುವಾಯಿತು. ಅತ್ತೆ ಒಂದು ಕರಾರು ಹಾಕಿದರು: "ನೀನು ಮಾತ್ರೆ ನುಂಗು, ನಾನು ಹೊಟ್ಟೆ ತುಂಬ ಉಣ್ತೀನಿ." ಇಬ್ಬರೂ ಮಾತು ಉಳಿಸಿಕೊಂಡೆವು. ಮುಟ್ಟು ಒಂದು ಹದಕ್ಕೆ ಬರತೊಡಗಿತು. ಮಗುವಾಗಿಲ್ಲ, ಆದೀತು ಎಂದು ಹೇಳುವ ಧೈರ್ಯ ಬಂದಿತ್ತು.

ಅಷ್ಟರಲ್ಲಿ ತಾವು ಆ ವೈದ್ಯೆಯನ್ನು ವರ್ಗಾಯಿಸಿದಿರಿ. ಹೋದ ತಿಂಗಳು ಅತ್ತೆಯೊಂದಿಗೆ ಹೋದರೆ ಅವರ ಕೋಣೆಗೆ ಬೀಗ. ಮುಂದಿನ ಔಷಧಿಯನ್ನು ಯಾರು ಬರೆದುಕೊಡುತ್ತಾರೆಂದು ವಿಚಾರಿಸಿದೆ. "ಹೆರಿಗೆ ಕೇಸ್ ಆದ್ರೆ ಆ ಕಡೆ ಹೋಗಿ" ಎಂದರು ಅಲ್ಲಿನ ಸಿಬ್ಬಂದಿ. ನನ್ನಂತೆಯೇ ಬಂದಿದ್ದ ಇನ್ನೂ ಕೆಲವರು ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲಿಳಿದರು. ಅತ್ತೆ ಬೀಗವನ್ನು ಮುಟ್ಟಿ ನೋಡಿ, "ಇದ್ನ ಯಾರ್ನ ಕೇಳದು ಕಣವ್ವ?" ಎಂದರು. ನಾನು ಕೇಳುತ್ತೇನೆ ಎಂದೆ. ಕೇಳುತ್ತಿದ್ದೇನೆ.

ತಾಲ್ಲೂಕಿಗೊಂದು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಬಸುರಿಯಲ್ಲದ ನಮ್ಮಂಥವರನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ ನೋಡುವ ಏರ್ಪಾಡು ಮಾಡಿ. ಔಷಧಿ ಅಲ್ಲೇ ಸಿಗಲಿ. ಮೊದಲ ದಿನವೇ ಗಂಡನನ್ನೂ ಕರೆಸಿ. ಫಲಿತಾಂಶವನ್ನು ಕಿವಿಗೆ ಹೇಳಿ, ಕಾರಿಡಾರಿಗೆ ಬೇಡ. ಒಬ್ಬ ವೈದ್ಯರು ಹೋದರೆ ಇನ್ನೊಬ್ಬರು ಬರುವವರೆಗೆ ಬೀಗ ಹಾಕಬೇಡಿ. ಮಗು ಕೊಡಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಅದನ್ನು ನಮ್ಮತ್ತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಕೇಳಿಯಾಗಿದೆ. ಬೀಗದ ಕೈ ಅಲ್ಲಿಲ್ಲ, ನಿಮ್ಮಲ್ಲಿದೆ.

ಇಂತಿ,
ಇನ್ನೂ ಯಾರ ತಾಯಿಯೂ ಅಲ್ಲದ,
ಚಿಕ್ಕಮಲ್ಲಮ್ಮನವರ ಸೊಸೆ
ಶಿವರಂಜನಿ
ಹಂಗಳ, ಗುಂಡ್ಲುಪೇಟೆ ತಾಲ್ಲೂಕು